ಕೆಲಸ ಬಿಡೋಕೆ ಯಾರ ಅಪ್ಪಣೆ ಬೇಕು?

ಬೈಂದೂರಿನ ಓದುಗರಿಗೆ ನಮಸ್ಕಾರ.

ನಿಮ್ಮ ಪತ್ರದಲ್ಲಿ ಕೋಪ ಇದೆ, ಇರಲಿ. ಗಲ್ಫ್ ಕಾರ್ಮಿಕರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಕೇಳಿದ್ದು ಇಷ್ಟು. ವಿಶ್ವಕಪ್ ಹೊತ್ತಿಗೆ ಕತಾರ್ ಕಾನೂನನ್ನೆಲ್ಲ ಬದಲಾಯಿಸಿತಲ್ಲ, ಇನ್ನೂ ಅದೇ ರಾಗ ಯಾಕೆ? ಹೋಗುವವರು ತಮ್ಮ ಇಷ್ಟದಿಂದಲೇ ಸಹಿ ಹಾಕಿ ಹೋಗುತ್ತಾರೆ, ನಮ್ಮ ಕರಾವಳಿಯ ಎಷ್ಟೋ ಮನೆಗಳ ಸಾಲ ತೀರಿದ್ದು, ಹುಡುಗಿಯರ ಮದುವೆ ಆಗಿದ್ದು ಆ ದುಡ್ಡಿನಿಂದ, ಹೀಗಿರುವಾಗ ಮಾನವ ಹಕ್ಕಿನ ಮಾತು ಎಲ್ಲಿಂದ ಬಂತು? ಪತ್ರದ ಕೊನೆಯಲ್ಲಿ ಇನ್ನೆರಡು ಸಾಲು ಇದೆ. ನಿಮ್ಮ ಅಕ್ಕನ ಮಗನಿಗೆ ಸೌದಿಯಲ್ಲಿ ಹೌಸ್ ಡ್ರೈವರ್ ವೀಸಾ ಬಂದಿದೆ, ಏಜೆಂಟ್ ಒಂದೂವರೆ ಲಕ್ಷ ಕೇಳುತ್ತಿದ್ದಾನೆ, ಕಳಿಸಬಹುದಾ?

ಮೊದಲು ಕತಾರ್ ವಿಷಯ. ಅಲ್ಲಿ ಬದಲಾವಣೆ ಆಗಿದೆ, ಅದನ್ನು ಸಣ್ಣದು ಅಂತ ನಾವು ಎಲ್ಲೂ ಬರೆದಿಲ್ಲ. ಕಫಾಲಾ ಅಂದರೆ ಏನು ಅಂತ ನಿಮ್ಮ ಊರಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ವೀಸಾ ಮಾಡಿಸಿದ ಕಫೀಲ್ ಒಪ್ಪದೆ ಬೇರೆ ಕಡೆ ಕೆಲಸಕ್ಕೆ ಸೇರುವಂತಿಲ್ಲ, ಊರಿಗೆ ಬರೋಕೂ ಅವನೇ ಸಹಿ ಹಾಕಬೇಕು, ಅಪ್ಪ ತೀರಿಕೊಂಡರು ಅಂತ ಮನೆಯಿಂದ ಫೋನ್ ಬಂದರೂ ಅಷ್ಟೆ. 2010ರಲ್ಲಿ ಕತಾರ್‌ಗೆ ವಿಶ್ವಕಪ್ ಸಿಕ್ಕಿತು. 2014ರಲ್ಲಿ ಕತಾರ್ ಮೇಲೆ ಐಎಲ್‌ಒಗೆ, ಅಂದರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗೆ, ದೂರು ಹೋಯಿತು. ಮೂರು ವರ್ಷ ಎಳೆದಾಡಿ 2017ರಲ್ಲಿ ಸುಧಾರಣೆಗೆ ಒಪ್ಪಿಕೊಂಡರು, 2018ರಲ್ಲಿ ದೋಹಾದಲ್ಲೇ ಐಎಲ್‌ಒ ಕಚೇರಿ ತೆರೆಯಿತು. ಅದೇ ವರ್ಷ ಬಹುಪಾಲು ಕಾರ್ಮಿಕರಿಗೆ ದೇಶ ಬಿಡಲು ಮಾಲೀಕನ ಸಹಿ ಬೇಕಿಲ್ಲ ಅಂತಾಯಿತು, ಮನೆಗೆಲಸದವರಿಗೆ ಅದು ಸಿಕ್ಕಿದ್ದು 2020ರ ಜನವರಿಯಲ್ಲಿ. 2020ರ ಆಗಸ್ಟ್‌ನಲ್ಲಿ ಕೆಲಸ ಬದಲಿಸಲು ಎನ್‌ಒಸಿ, ಅಂದರೆ ಹಳೆಯ ಮಾಲೀಕನ ಒಪ್ಪಿಗೆ ಪತ್ರ, ತರಬೇಕು ಅನ್ನುವ ನಿಯಮ ಹೋಯಿತು. 2021ರ ಮಾರ್ಚ್‌ನಿಂದ ಯಾವ ದೇಶದವರೇ ಇರಲಿ ತಿಂಗಳಿಗೆ ಕನಿಷ್ಠ 1,000 ರಿಯಾಲ್ ಸಂಬಳ, ಊಟ ವಸತಿ ಕೊಡದಿದ್ದರೆ ಅದಕ್ಕೆ ಬೇರೆ 800 ರಿಯಾಲ್.

ಬಿಸಿಲಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2007ರಿಂದಲೂ ಅಲ್ಲಿ ಬೇಸಿಗೆಯ ಮಧ್ಯಾಹ್ನ ಹೊರಗೆ ಕೆಲಸ ಮಾಡಿಸಬಾರದು ಅಂತ ಇತ್ತು, ಆದರೆ ಅದು ಬರೀ ಗಡಿಯಾರ ನೋಡುವ ನಿಯಮ. ಬೆಳಿಗ್ಗೆ 11ಕ್ಕೆ ಎಷ್ಟೇ ಸೆಖೆ ಇದ್ದರೂ ಹನ್ನೊಂದೂವರೆ ಆಗುವವರೆಗೆ ಕಬ್ಬಿಣ ಕಟ್ಟುತ್ತಲೇ ಇರಬೇಕಿತ್ತು. 2021ರಲ್ಲಿ ಈ ಹೊತ್ತನ್ನು ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ಕ್ಕೆ ವಿಸ್ತರಿಸಿದರು, ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ. ಅದರ ಜೊತೆಗೆ ಇನ್ನೊಂದು ನಿಯಮ ಬಂತು, ನನಗೆ ಅದೇ ಮುಖ್ಯ ಅನ್ನಿಸುತ್ತದೆ. ಸೆಖೆ, ಗಾಳಿಯ ತೇವ, ಬಿಸಿಲು ಎಲ್ಲ ಸೇರಿಸಿ ಅಳೆಯುವ ಸೂಚ್ಯಂಕ 32.1 ಡಿಗ್ರಿ ದಾಟಿದರೆ ಯಾವ ಹೊತ್ತಾದರೂ ಸರಿ, ಕೆಲಸ ನಿಲ್ಲಬೇಕು. ಕಡಲ ತೀರದಲ್ಲಿ ಇರುವ ನಿಮಗೆ ಇದು ಗೊತ್ತು. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ, ಆಗ ಥರ್ಮಾಮೀಟರ್ ಕಡಿಮೆ ತೋರಿಸಿದರೂ ಅಪಾಯ ಜಾಸ್ತಿ.

ಹಾಗಾದರೆ ತಕರಾರು ಏನು? ಸತ್ತವರ ಲೆಕ್ಕ. 2022ರ ನವೆಂಬರ್‌ನಲ್ಲಿ, ವಿಶ್ವಕಪ್ ನಡೆಯುತ್ತಿರುವಾಗಲೇ, ಸಂಘಟನಾ ಸಮಿತಿಯ ಮುಖ್ಯಸ್ಥ ಹಸನ್ ಅಲ್ ಥವಾದಿ ಟಿವಿ ಸಂದರ್ಶನದಲ್ಲಿ 400ರಿಂದ 500 ಕಾರ್ಮಿಕರು ಸತ್ತಿರಬಹುದು ಅಂದರು. ಅದಕ್ಕೂ ಮೊದಲು ಸ್ಟೇಡಿಯಂಗಳಲ್ಲಿ ಕೆಲಸ ಮಾಡುವಾಗ ಸತ್ತವರು ಮೂವರು ಅಂತ ಹೇಳುತ್ತಿದ್ದರು. ಎಷ್ಟೋ ಸಾವುಗಳ ಪ್ರಮಾಣಪತ್ರದಲ್ಲಿ ಇದ್ದದ್ದು ‘ಸಹಜ ಸಾವು’, ‘ಹೃದಯಾಘಾತ’ ಅಂತ, ಪೋಸ್ಟ್‌ಮಾರ್ಟಂ ಇಲ್ಲದೆ. ಮೂವತ್ತು ವರ್ಷದ ಗಟ್ಟಿಮುಟ್ಟಾದ ಹುಡುಗ ರಾತ್ರಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ, ಕಾಗದದಲ್ಲಿ ‘ಸಹಜ’. ಹಾಗೆ ಬರೆದ ಮೇಲೆ ಅದು ಕೆಲಸದಿಂದ ಆದ ಸಾವಲ್ಲ, ಮನೆಯವರಿಗೆ ಪರಿಹಾರವೂ ಇಲ್ಲ. ಆ ಒಂದು ಶಬ್ದಕ್ಕೆ ಎಷ್ಟು ಮನೆಗಳು ಸಾಲದಲ್ಲಿ ಉಳಿದವೋ, ಅದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ.

ಇನ್ನು ಕಾನೂನು ಯಾರನ್ನು ಹೊರಗಿಟ್ಟಿದೆ ಅನ್ನುವುದು. ಇದು ನಿಮ್ಮ ಮನೆಗೇ ಬರುವ ಮಾತು. ಸೌದಿ 2021ರ ಮಾರ್ಚ್ 14ರಿಂದ ಕಾರ್ಮಿಕ ಸುಧಾರಣೆ ಜಾರಿ ಮಾಡಿತು. ಕಂಪನಿ ಕೆಲಸಗಾರರು ಕೆಲವು ಷರತ್ತಿನ ಮೇಲೆ ಮಾಲೀಕನನ್ನು ಕೇಳದೆ ಕೆಲಸ ಬದಲಿಸಬಹುದು, ಊರಿಗೂ ಬರಬಹುದು. ಆದರೆ ಮನೆಗೆಲಸದವರು, ತೋಟದವರು, ಹೌಸ್ ಡ್ರೈವರ್‌ಗಳು ಆ ಪಟ್ಟಿಯಲ್ಲಿ ಇರಲಿಲ್ಲ. ಅವರಿಗೆ ಬೇರೆಯೇ ನಿಯಮ ಇದೆ, 2024ರಲ್ಲಿ ಅದನ್ನೂ ಸುಧಾರಿಸಿದ್ದಾರೆ: ದಿನಕ್ಕೆ 10 ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ, ವಾರಕ್ಕೊಂದು ರಜೆ, ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವಂತಿಲ್ಲ. ಒಳ್ಳೆಯದೇ. ಆದರೆ ಕಾಂಪೌಂಡಿನ ಒಳಗೆ ಒಬ್ಬನೇ ಇರುವ ಡ್ರೈವರ್‌ನನ್ನು ಬೆಳಿಗ್ಗೆ ಆರಕ್ಕೆ ಮಕ್ಕಳ ಶಾಲೆಗೆ, ರಾತ್ರಿ ಒಂದಕ್ಕೆ ಮದುವೆ ಮನೆಗೆ ಅಂತ ಓಡಿಸಿದರೆ ಗಂಟೆ ಎಣಿಸುವವರು ಯಾರು? ಅಲ್ಲಿಂದ ತಪ್ಪಿಸಿಕೊಂಡರೆ ಕಫೀಲ್ ‘ಹುರೂಬ್’ ಹಾಕುತ್ತಾನೆ, ಅಂದರೆ ಓಡಿಹೋದ ಅಂತ ದೂರು. ಆಮೇಲೆ ತಪ್ಪಿತಸ್ಥ ಆಗುವುದು ಸಂಬಳ ಸಿಗದೆ ಓಡಿದವನು.

ಮಾನವ ಹಕ್ಕಿನ ಮಾತು ಎಲ್ಲಿಂದ ಬಂತು ಅಂದಿರಲ್ಲ, ಇಲ್ಲಿಂದಲೇ ಬಂತು. ಬೇಡ ಅನ್ನಿಸಿದ ದಿನ ಕೆಲಸ ಬಿಟ್ಟು ಎದ್ದು ಬರುವ ಹಕ್ಕು ಮನುಷ್ಯನಿಗೆ ಇದೆಯೋ ಇಲ್ಲವೋ, ಯಾವ ದೇಶದ ಯಾವ ಸುಧಾರಣೆಯನ್ನೂ ನಾನು ಇದನ್ನಿಟ್ಟೇ ನೋಡುತ್ತೇನೆ. ‘ಇಷ್ಟದಿಂದ ಸಹಿ ಹಾಕಿದ’ ಅನ್ನುತ್ತೀರಿ. ಮೀಟರ್ ಬಡ್ಡಿಗೆ ದುಡ್ಡು ತಂದು ಏಜೆಂಟ್‌ಗೆ ಕೊಟ್ಟವನು ಅಲ್ಲಿ ಇಳಿದ ಮೇಲೆ, ಹೇಳಿದ 1,800 ರಿಯಾಲ್ ಬದಲು 1,200 ಅಂತ ಬರೆದ ಇನ್ನೊಂದು ಕಾಗದ ಮುಂದಿಟ್ಟರೆ, ಅದೂ ಅರೇಬಿಕ್‌ನಲ್ಲಿ ಇದ್ದರೆ, ಏನು ಮಾಡುತ್ತಾನೆ ಹೇಳಿ? ಸಹಿ ಹಾಕುತ್ತಾನೆ. ಅದನ್ನು ಇಷ್ಟ ಅಂತ ನಾನು ಕರೆಯಲಾರೆ.

ಆ ದೇಶಗಳನ್ನಷ್ಟೇ ಬೈದರೂ ಸಾಲದು. 2018ರಲ್ಲಿ ಕುವೈತ್‌ನಲ್ಲಿ ಫಿಲಿಪ್ಪೀನ್ಸ್‌ನ ಮನೆಗೆಲಸದ ಹೆಂಗಸೊಬ್ಬರ ಕೊಲೆ ಬೆಳಕಿಗೆ ಬಂದಾಗ ಆ ದೇಶ ತನ್ನವರನ್ನು ಅಲ್ಲಿಗೆ ಕಳಿಸುವುದನ್ನೇ ನಿಲ್ಲಿಸಿತು. ಕೆಲವೇ ತಿಂಗಳಲ್ಲಿ ಕುವೈತ್ ಒಪ್ಪಂದಕ್ಕೆ ಬಂತು, ಮೊಬೈಲ್ ಕಿತ್ತುಕೊಳ್ಳಬಾರದು, ಪಾಸ್‌ಪೋರ್ಟ್ ಮಾಲೀಕನ ಹತ್ತಿರ ಇರಬಾರದು ಅಂತೆಲ್ಲ ಬರೆದುಕೊಟ್ಟಿತು. ಕಳಿಸುವ ದೇಶ ಗಟ್ಟಿಯಾಗಿ ನಿಂತರೆ ಏನಾಗುತ್ತದೆ ಅನ್ನುವುದಕ್ಕೆ ಇದು ಸಾಕ್ಷಿ. ನಮ್ಮಲ್ಲಿ ಇನ್ನೂ 1983ರ ವಲಸೆ ಕಾಯ್ದೆ. 2024ರ ಜೂನ್ 12ರಂದು ಕುವೈತ್‌ನ ಮಂಗಾಫ್‌ನಲ್ಲಿ ಕಾರ್ಮಿಕರು ತುಂಬಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು, 45 ಭಾರತೀಯರ ದೇಹಗಳು ವಾಯುಪಡೆಯ ವಿಮಾನದಲ್ಲಿ ಕೊಚ್ಚಿಗೆ ಬಂದವು. ನಮ್ಮ ಕಲಬುರಗಿ ಜಿಲ್ಲೆಯವರೊಬ್ಬರೂ ಅದರಲ್ಲಿದ್ದರು. ಕೇರಳದಲ್ಲಿ 1996ರಿಂದಲೇ ಹೊರದೇಶದಲ್ಲಿ ಇರುವವರಿಗಾಗಿ ನೋರ್ಕಾ ಅಂತ ಪ್ರತ್ಯೇಕ ಇಲಾಖೆ ಇದೆ. ಕರಾವಳಿಯಿಂದ ಇಷ್ಟು ಜನ ಹೋಗುವ ಕರ್ನಾಟಕಕ್ಕೂ ಅಂಥದ್ದೊಂದು ಬೇಕು, ಇದನ್ನು ನೀವೂ ನಿಮ್ಮ ಶಾಸಕರಿಗೆ ಬರೆಯಿರಿ.

ಈಗ ನಿಮ್ಮ ಅಕ್ಕನ ಮಗ. ಹೋಗಲೇಬೇಡ ಅಂತ ನಾನು ಹೇಳುವುದಿಲ್ಲ, ಆದರೆ ಈ ಏಜೆಂಟ್‌ಗೆ ಒಂದು ರೂಪಾಯಿಯನ್ನೂ ಇನ್ನೂ ಕೊಡಬೇಡಿ. ನೋಂದಾಯಿತ ಏಜೆಂಟ್ ಕಾರ್ಮಿಕನಿಂದ ತೆಗೆದುಕೊಳ್ಳಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ. ಒಂದೂವರೆ ಲಕ್ಷಕ್ಕೆ ರಸೀದಿ ಕೇಳಿ ನೋಡಿ, ಅವನು ಕೊಡುವುದಿಲ್ಲ. ಅವನ ಲೈಸೆನ್ಸ್ ನಂಬರ್ ತೆಗೆದುಕೊಂಡು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಹುಡುಕಿ. ಹುಡುಗ ಎಸ್‌ಎಸ್‌ಎಲ್‌ಸಿ ಪಾಸಾಗಿಲ್ಲದಿದ್ದರೆ ಸೌದಿಗೆ ಹೋಗಲು ಎಮಿಗ್ರೇಶನ್ ಕ್ಲಿಯರೆನ್ಸ್, ಅಂದರೆ ಹೊರದೇಶಕ್ಕೆ ಕೆಲಸಕ್ಕೆ ಹೋಗಲು ನಮ್ಮ ಸರ್ಕಾರದ ಅನುಮತಿ, ಬೇಕೇ ಬೇಕು. ವಿಸಿಟ್ ವೀಸಾದಲ್ಲಿ ಕಳಿಸಿ ಅಲ್ಲೇ ಬದಲಾಯಿಸೋಣ ಅಂದರೆ ಸುಮ್ನೆ ಎದ್ದು ಬನ್ನಿ. ಪ್ರವಾಸಿ ಭಾರತೀಯ ಬಿಮಾ ಯೋಜನೆ ಮಾಡಿಸಿ. ಎರಡು ವರ್ಷಕ್ಕೆ ಕಂತು 275 ರೂಪಾಯಿ, ಅಪಘಾತದಲ್ಲಿ ಏನಾದರೂ ಆದರೆ ಹತ್ತು ಲಕ್ಷ. ಪಾಸ್‌ಪೋರ್ಟ್, ವೀಸಾ, ಕಾಂಟ್ರ್ಯಾಕ್ಟ್ ಎಲ್ಲದರ ಫೋಟೊ ಮನೆಯವರ ಮೊಬೈಲ್‌ನಲ್ಲಿ ಇರಲಿ. ಇಕಾಮಾ, ಅಂದರೆ ಅಲ್ಲಿ ವಾಸಿಸುವ ಪರವಾನಗಿ ಚೀಟಿ, ಮಾಡಿಸಬೇಕು ಅಂತ ಪಾಸ್‌ಪೋರ್ಟ್ ಕೇಳುತ್ತಾರೆ, ಕೊಡಬೇಕಾಗುತ್ತದೆ, ಆದರೆ ಇಕಾಮಾ ಬಂದ ಮೇಲೆ ವಾಪಸ್ ಕೇಳಬೇಕು, ಕೊಡದಿದ್ದರೆ ರಿಯಾದ್ ರಾಯಭಾರ ಕಚೇರಿಗೆ ಅಥವಾ ಜಿದ್ದಾ ಕಾನ್ಸುಲೇಟ್‌ಗೆ ತಿಳಿಸಬೇಕು.

ಕಾಂಟ್ರ್ಯಾಕ್ಟ್ ಕೈಗೆ ಬಂದ ತಕ್ಷಣ, ಸಹಿ ಹಾಕುವ ಮೊದಲೇ, ಒಂದು ಪ್ರತಿ ನಮಗೆ ಕಳಿಸಿ. ಭಟ್ಕಳದಲ್ಲಿ ಅರೇಬಿಕ್ ಚೆನ್ನಾಗಿ ಬಲ್ಲ ಗೆಳೆಯರಿದ್ದಾರೆ, ಓದಿಸಿ ಏನಿದೆ ಅಂತ ಕನ್ನಡದಲ್ಲಿ ಬರೆದು ಕಳಿಸುತ್ತೇನೆ.

— ಸಂಪಾದಕ