ನಾಲ್ಕು ತಿಂಗಳಾದರೂ ಜರ್ಮನ್ ಬಾಯಿಗೆ ಬರುತ್ತಿಲ್ಲ ಎಂದು ಕೇಳಿದವರಿಗೆ

ನೀವು ಬರೆದಿದ್ದು ಇಷ್ಟು: ಡಿಗ್ರಿ ಎರಡನೇ ವರ್ಷ, ನಾಲ್ಕು ತಿಂಗಳಿಂದ ದಿನಾ ಕಾಲು ಗಂಟೆ ಆ್ಯಪ್‌ನಲ್ಲಿ ಜರ್ಮನ್, ಆರುನೂರು ಪದ ಗೊತ್ತು. ಆದರೆ ಜರ್ಮನಿಯಿಂದ ಬಂದ ಸಹಪಾಠಿ ಮಾತಾಡಿಸಿದಾಗ ಒಂದು ವಾಕ್ಯವೂ ಹೊರಡಲಿಲ್ಲ. ಭಾಷೆ ನನಗೆ ಒಲಿಯೋದಿಲ್ವೇನೋ ಎಂದು ಕೊನೆಯಲ್ಲಿ ಕೇಳಿದ್ದೀರಿ. ಅದನ್ನು ಓದಿ ಬೇಜಾರಾಯಿತು. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ನೋಡಿ. ಕಾಲು ಗಂಟೆಯಂತೆ 120 ದಿನ ಅಂದರೆ 30 ಗಂಟೆ. ದಿನನಿತ್ಯದ ಮಾತುಕತೆ ನಿಭಾಯಿಸುವ ಬಿ1 ಹಂತಕ್ಕೆ 45 ನಿಮಿಷದ 350ರಿಂದ 650 ಪಾಠ ಬೇಕು ಎನ್ನುತ್ತದೆ ಜರ್ಮನ್ ಕಲಿಸುವ ಸಂಸ್ಥೆ ಗೊಯ್ಥೆ ಇನ್‌ಸ್ಟಿಟ್ಯೂಟ್. ಕಡಿಮೆ ಅಂದರೂ 260 ಗಂಟೆ ಆಯಿತು. ನೀವಿನ್ನೂ ಹೊಸ್ತಿಲಲ್ಲಿದ್ದೀರಿ, ಅಷ್ಟೇ. ದಿನಾ ಅರ್ಧ ಗಂಟೆ ಕೊಟ್ಟರೆ ಸುಮಾರು ಒಂದೂವರೆ ವರ್ಷ ಹಿಡಿಯುತ್ತದೆ.

ಇನ್ನು ಮುಂದೆ ಬಿಡಿ ಪದ ಕಲಿಯಬೇಡಿ, ನೀವೇ ಆಡುವಂಥ ವಾಕ್ಯ ಕಲಿಯಿರಿ. ನಾನು ಎಂಎಸ್ಸಿಯಲ್ಲಿದ್ದಾಗ ಆರು ತಿಂಗಳು ಪದಗಳ ಪಟ್ಟಿ ಉರು ಹೊಡೆದೆ. ಬಾಯಿ ಬಿಟ್ಟಿದ್ದು ವಾಕ್ಯಕ್ಕೆ ಬಂದ ಮೇಲೆಯೇ. ಒಂದು ಉದಾಹರಣೆ ಕೊಡುತ್ತೇನೆ: ‘ವೈಲ್ ಇಶ್ ಹೊಯ್ಟೆ ಕೈನೆ ತ್ಸೈಟ್ ಹಾಬೆ’. ಯಾಕಂದ್ರೆ ನನಗೆ ಇವತ್ತು ಪುರುಸೊತ್ತಿಲ್ಲ ಎಂದರ್ಥ. ‘ವೈಲ್’ (ಯಾಕಂದ್ರೆ) ಬಂದರೆ ಕ್ರಿಯಾಪದ ‘ಹಾಬೆ’ ಕೊನೆಗೆ ಹೋಗುತ್ತದೆ. ಕನ್ನಡದಲ್ಲೂ ಕ್ರಿಯಾಪದ ಕೊನೆಗೇ ಅಲ್ವಾ, ನಮಗೆ ಇದು ಬೇಗ ಕೂರುತ್ತದೆ. ಮಾರನೆ ದಿನ ‘ತ್ಸೈಟ್’ ತೆಗೆದು ‘ಲುಸ್ಟ್’ ಹಾಕಿ, ‘ಮನಸ್ಸಿಲ್ಲ’ ಆಗುತ್ತದೆ. ಆಮೇಲೆ ‘ಗೆಲ್ಟ್’ ಹಾಕಿ, ಅಂದರೆ ಹಣ. ಈಗ ಇಲ್ಲ ಎನ್ನುವ ‘ಕೈನೆ’ ಹೋಗಿ ‘ಕೈನ್’ ಆಗಬೇಕು, ಏಕೆಂದರೆ ಗೆಲ್ಟ್ ನಪುಂಸಕ ಲಿಂಗ. ಜರ್ಮನ್‌ನಲ್ಲಿ ಲಿಂಗವನ್ನು ಎಷ್ಟೋ ಸಲ ಅರ್ಥದಿಂದ ಊಹಿಸಲಾಗದು. ಹುಡುಗಿ ಅನ್ನೋ ಪದ ಕೂಡ ನಪುಂಸಕ, ‘ಡಾಸ್ ಮೇಡ್ಶೆನ್’. ಹಾಗಾಗಿ ಲಿಂಗ ತೋರಿಸುವ ಡೇರ್ (ಪುಲ್ಲಿಂಗ), ಡೀ (ಸ್ತ್ರೀಲಿಂಗ), ಡಾಸ್ (ನಪುಂಸಕ) ಬಿಟ್ಟು ಯಾವ ನಾಮಪದವನ್ನೂ ಬರೆದುಕೊಳ್ಳಬೇಡಿ.

ಈ ವಾಕ್ಯಗಳನ್ನು ಆ್ಯಂಕಿ ಎಂಬ ಪ್ರಶ್ನೋತ್ತರ ಕಾರ್ಡ್‌ಗಳ ಆ್ಯಪ್‌ನಲ್ಲಿ ಹಾಕಿ. ಕಂಪ್ಯೂಟರ್‌ನಲ್ಲೂ ಆಂಡ್ರಾಯ್ಡ್‌ನಲ್ಲೂ ಉಚಿತ. ನೆನಪಿರುವುದನ್ನು ತಡವಾಗಿ, ಮರೆತಿದ್ದನ್ನು ಬೇಗ ಮತ್ತೆ ಕೇಳುತ್ತದೆ. ದಿನಕ್ಕೆ ಐದಾರು ಹೊಸ ಕಾರ್ಡ್ ಸಾಕು. ಜಾಸ್ತಿ ಹಾಕಿದರೆ ಎರಡೇ ವಾರದಲ್ಲಿ ಹಳೆಯವು ಗುಡ್ಡೆ ಬೀಳುತ್ತವೆ, ಆಮೇಲೆ ಆ್ಯಪ್ ತೆರೆಯೋಕೇ ಮನಸ್ಸಾಗಲ್ಲ. ಪರೀಕ್ಷೆ ಬಂದಾಗ ಹೊಸ ಕಾರ್ಡ್ ನಿಲ್ಲಿಸಿ, ಹಳೆಯದನ್ನು ಮಾತ್ರ ಹತ್ತು ನಿಮಿಷ ನೋಡಿ. ಪೂರ್ತಿ ಬಿಡಬೇಡಿ.

ಕೇಳುವುದಕ್ಕೆ ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲೆಯ ಉಚಿತ ವಿಡಿಯೊ ಪಾಠಗಳಿವೆ, ತೀರಾ ಆರಂಭದ ಎ1 ಹಂತದಿಂದ ಬಿ1ರ ತನಕ. ಸುಮ್ನೆ ಒಂದಾದ ಮೇಲೊಂದು ನೋಡುತ್ತಾ ಹೋದರೆ ಏನೂ ಉಳಿಯಲ್ಲ. ನಲವತ್ತು ಸೆಕೆಂಡಿನ ಒಂದು ತುಣುಕು ಆರಿಸಿ. ಬರಹ ನೋಡದೆ ಮೂರು ಸಲ ಕೇಳಿ, ಆಮೇಲೆ ಬರಹ ನೋಡಿ ಎಲ್ಲಿ ತಪ್ಪಿತು ಎಂದು ಗುರುತು ಹಾಕಿ. ನಂತರ ವಿಡಿಯೊದಲ್ಲಿ ಮಾತಾಡುವವರ ಬೆನ್ನಿಗೇ, ಅದೇ ಏರಿಳಿತದಲ್ಲಿ, ಜೋರಾಗಿ ಹೇಳಿ. ಕೊನೆಗೊಮ್ಮೆ ಫೋನಿನಲ್ಲಿ ರೆಕಾರ್ಡ್ ಮಾಡಿ ಎರಡನ್ನೂ ಹೋಲಿಸಿ. ಒಂದೇ ತುಣುಕನ್ನು ವಾರವಿಡೀ ಮಾಡಿದರೂ ಪರವಾಗಿಲ್ಲ.

ಇಲೆಕ್ಟಿವ್ ಆಗಿ ಜರ್ಮನ್ ಇದ್ದರೆ, ಮಾತಾಡುವುದಕ್ಕೂ ಅಂಕ ಇದೆಯೇ ಎಂದು ಕೇಳಿಕೊಂಡು ಸೇರಿ.

ಇನ್ನು ಆ ಸಹಪಾಠಿ. ಅವರಿಗೂ ನಿಮ್ಮ ಭಾಷೆ ಕಲಿಯುವ ಆಸೆ ಇರಬಹುದು, ಕೇಳಿ ನೋಡಿ. ವಾರಕ್ಕೊಮ್ಮೆ ಒಂದು ಗಂಟೆ ಕೂರಿ. ಅರ್ಧ ಗಂಟೆ ಜರ್ಮನ್ ಮಾತ್ರ, ಇನ್ನರ್ಧ ನಿಮ್ಮ ಭಾಷೆ ಮಾತ್ರ. ಫೋನಿನಲ್ಲಿ ಅಲಾರಂ ಇಡಿ, ಇಲ್ಲದಿದ್ದರೆ ಇಬ್ಬರಿಗೂ ಸುಲಭವಾದ ಭಾಷೆಗೇ ಮಾತು ಜಾರುತ್ತದೆ. ನಡುನಡುವೆ ತಿದ್ದಬೇಡಿ ಎಂದು ಮೊದಲೇ ಹೇಳಿಬಿಡಿ. ಮೂರು ತಪ್ಪು ಬರೆದಿಟ್ಟುಕೊಂಡು ಕೊನೆಗೆ ಹೇಳಿದರೆ ಸಾಕು. ಆ ಮೂರೇ ನಿಮ್ಮ ಮುಂದಿನ ವಾರದ ಕಾರ್ಡ್.

ಮೊದಲ ಸಲ ಕೂರುವ ಮುಂಚೆ ನಿಮ್ಮ ಬಗ್ಗೆ, ನೀವು ಓದುವ ವಿಷಯದ ಬಗ್ಗೆ ಹತ್ತು ವಾಕ್ಯ ಬರೆದು ಇಲ್ಲಿ ಹಾಕಿ. ನಾನು ತಿದ್ದಿಕೊಡುತ್ತೇನೆ.