ಬರೀ ವಯೋಲಾದವರಲ್ಲ

ಪತ್ರ: ಕಳೆದ ಸಂಚಿಕೆಯಲ್ಲಿ ಅಮೆಡಿಯಸ್ ಕ್ವಾರ್ಟೆಟ್ (ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೊ ನುಡಿಸುವ ನಾಲ್ವರ ತಂಡ) ಬಗ್ಗೆ ಬಂದ ಟಿಪ್ಪಣಿ ಓದಿದೆ. 1987ರಲ್ಲಿ ವಯೋಲಾ ವಾದಕರು ತೀರಿಕೊಂಡರೆಂದು ಉಳಿದ ಮೂವರು ನಲವತ್ತು ವರ್ಷದ ತಂಡವನ್ನೇ ನಿಲ್ಲಿಸಿಬಿಟ್ಟರಂತೆ. ಹೋದವರು ಮೊದಲ ಪಿಟೀಲಿನವರೂ ಅಲ್ಲ, ಬರೀ ವಯೋಲಾದವರು. ಲಂಡನ್ನಿನಲ್ಲಿ ಇನ್ನೊಬ್ಬರು ಸಿಗುತ್ತಿರಲಿಲ್ಲವೇ? ವ್ಯಕ್ತಿಗಿಂತ ಸಂಸ್ಥೆ ದೊಡ್ಡದಲ್ಲವೇ? — ಓದುಗರು, ಶಿವಮೊಗ್ಗ

ಉತ್ತರ: ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ದುಡಿದವರೆಂದು ಬರೆದಿದ್ದೀರಿ. ಒಬ್ಬರು ವರ್ಗವಾಗಿ ಹೋದ ಮರುದಿನವೇ ಇನ್ನೊಬ್ಬರು ಅದೇ ಕುರ್ಚಿಯಲ್ಲಿ ಕೂತು ಲೆಕ್ಕ ಮುಂದುವರಿಸುವುದನ್ನು ಕಂಡವರಿಗೆ ಈ ಪ್ರಶ್ನೆ ಬರುವುದು ಸಹಜ. ನಿಮ್ಮ ಮಾತಿಗೆ ಆಧಾರವೂ ಇದೆ. ಬುಡಾಪೆಸ್ಟ್ ಕ್ವಾರ್ಟೆಟ್ಟನ್ನು 1917ರಲ್ಲಿ ಅಲ್ಲಿನ ಒಪೆರಾ ವಾದ್ಯವೃಂದದವರು ಕಟ್ಟಿದರು. ಒಬ್ಬೊಬ್ಬರೇ ಬದಲಾಗುತ್ತ, 1930ರ ದಶಕ ಮುಗಿಯುವ ಮುಂಚೆ ನಾಲ್ವರೂ ರಷ್ಯಾ ಮೂಲದವರೇ ಆದರು. ತಂಡದ ಕೀರ್ತಿ ಹೆಚ್ಚಿತೇ ಹೊರತು ಕುಗ್ಗಲಿಲ್ಲ. ಒಪ್ಪಿದೆ.

ಆದರೆ 'ಬರೀ ವಯೋಲಾದವರು' ಎಂದಿರಲ್ಲ, ಆ 'ಬರೀ' ನನ್ನನ್ನು ಚುಚ್ಚಿತು.

ತೀರಿಕೊಂಡ ಆ ವಯೋಲಾ ವಾದಕ ಪೀಟರ್ ಶಿಡ್ಲಾಫ್ ಹುಟ್ಟಾ ವಯೋಲಾದವರಲ್ಲ. ಅವರು, ನಾರ್ಬರ್ಟ್ ಬ್ರೈನಿನ್, ಸೀಗ್ಮಂಡ್ ನಿಸೆಲ್ ಮೂವರೂ ಪಿಟೀಲಿನವರು, ಹಿಟ್ಲರನ ಕಾಲದಲ್ಲಿ ವಿಯೆನ್ನಾ ಬಿಟ್ಟು ಬ್ರಿಟನ್ನಿಗೆ ಓಡಿಬಂದ ಯಹೂದಿ ಹುಡುಗರು. 1940ರಲ್ಲಿ ಬ್ರಿಟನ್ ಸರ್ಕಾರ ಅಂಥವರನ್ನೇ 'ಶತ್ರುದೇಶದವರು' ಎಂದು ಹಿಡಿದು ಶಿಬಿರಗಳಲ್ಲಿ ಕೂಡಿಹಾಕಿತು. ಮುಳ್ಳುತಂತಿಯ ಒಳಗೇ ಇವರ ಪರಿಚಯವಾದದ್ದು. ಬಿಡುಗಡೆಯಾದ ಮೇಲೆ ಮ್ಯಾಕ್ಸ್ ರೋಸ್ಟಾಲ್ ಎಂಬ ಗುರು ಕಾಸು ತೆಗೆದುಕೊಳ್ಳದೆ ಪಾಠ ಹೇಳಿದರು. ಅವರ ಬಳಗದಲ್ಲೇ ಚೆಲ್ಲೊ ನುಡಿಸುವ ಇಂಗ್ಲಿಷ್ ಹುಡುಗ ಮಾರ್ಟಿನ್ ಲೊವೆಟ್ ಸಿಕ್ಕ. ಮೂರು ಪಿಟೀಲು, ಒಂದು ಚೆಲ್ಲೊ ಸೇರಿದರೆ ಕ್ವಾರ್ಟೆಟ್ ಆಗುವುದಿಲ್ಲ. ಯಾರಾದರೊಬ್ಬರು ಪಿಟೀಲು ಕೆಳಗಿಡಬೇಕಿತ್ತು. ಇಟ್ಟವರು ಶಿಡ್ಲಾಫ್. 1948ರ ಜನವರಿ 10ರಂದು ಲಂಡನ್ನಿನ ವಿಗ್ಮೋರ್ ಹಾಲ್‌ನಲ್ಲಿ 'ಅಮೆಡಿಯಸ್' ಹೆಸರಿನ ಮೊದಲ ಕಛೇರಿ ನಡೆಯಿತು. ಅಲ್ಲಿಂದ ಶಿಡ್ಲಾಫ್ ಸಾಯುವವರೆಗೂ ಅದೇ ನಾಲ್ವರು. ಊರೂರು ತಿರುಗಾಟ, ರೈಲು, ಹೋಟೆಲ್ ಕೋಣೆ, ಜಗಳ, ರಾಜಿ, ಎಲ್ಲದರಲ್ಲೂ ಅವರೇ. ಇದಕ್ಕೆ 'ಖಾಲಿ ಹುದ್ದೆ' ಎಂದು ಜಾಹೀರಾತು ಕೊಡಲಾದೀತೇ?

ವಯೋಲಾ ಪಿಟೀಲಿಗಿಂತ ತುಸು ದೊಡ್ಡದು, ಅದರ ಶ್ರುತಿ ಒಂದು ಪಂಚಮದಷ್ಟು ಕೆಳಗೆ. ಮೇಲೆ ಪಿಟೀಲು ಮಿಂಚುತ್ತದೆ, ಕೆಳಗೆ ಚೆಲ್ಲೊ ನೆಲ ಹಿಡಿಯುತ್ತದೆ, ನಡುವೆ ಇದು. ಕ್ವಾರ್ಟೆಟ್ ನುಡಿಸಲು ಕೂತಾಗ ಸ್ವತಃ ಮೊಜಾರ್ಟ್ ಇಷ್ಟಪಟ್ಟು ಎತ್ತಿಕೊಳ್ಳುತ್ತಿದ್ದುದು ವಯೋಲಾವನ್ನೇ. ಜರ್ಮನಿಯ ಸಂಗೀತಕಾರ ಬ್ರಾಮ್ಸ್ ಇಂಥ ನಾಲ್ವರಿಗಾಗಿ 1875ರಲ್ಲಿ ಬರೆದ ಕೃತಿ, ಅವರ ಮೂರನೇ ಕ್ವಾರ್ಟೆಟ್ ಇದೆ. ಅದರ ಮೂರನೇ ಭಾಗದಲ್ಲಿ ಎರಡೂ ಪಿಟೀಲಿನವರು, ಚೆಲ್ಲೊದವರು ತಂತಿಗಳನ್ನು ಹೊತ್ತ ಕುದುರೆಗೆ ಮ್ಯೂಟ್ ಎಂಬ ಪುಟ್ಟ ಸಾಧನ ಸಿಕ್ಕಿಸಿ ದನಿ ತಗ್ಗಿಸುತ್ತಾರೆ. ವಯೋಲಾಕ್ಕೆ ಮಾತ್ರ ಮ್ಯೂಟ್ ಇಲ್ಲ. ಮನೆಮಂದಿಯೆಲ್ಲ ಪಿಸುಗುಡುವಾಗ ಒಬ್ಬರೇ ಎದೆ ತೆರೆದು ಮಾತಾಡಿದಂತೆ ಅದು ಕೇಳುತ್ತದೆ. ಅಮೆಡಿಯಸ್ ತಂಡದ ಧ್ವನಿಮುದ್ರಣದಲ್ಲಿ ಅದನ್ನು ಮೊದಲ ಸಲ ಕೇಳಿದ ರಾತ್ರಿ ನಾನು ಪ್ರೂಫ್ ತಿದ್ದುವುದನ್ನು ಬಿಟ್ಟು ಸುಮ್ಮನೆ ಕೂತಿದ್ದೆ. ಆ ದನಿಯನ್ನು ನಲವತ್ತು ವರ್ಷ ಪಕ್ಕದಲ್ಲೇ ಕೂತು ಕೇಳಿದ ಮೂವರು, ಇನ್ನು ಸಾಕು ಅಂದರು. ಅದು ಬರಿಯ ಭಾವುಕತೆಯಲ್ಲ. ತಮ್ಮ ತಂಡ ಯಾವುದರಿಂದ ಆಗಿತ್ತು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ನಮ್ಮಲ್ಲಿ ಈ ನಡುವಿನವರ ಪಾಡು ಏನು? ಕೆಲವು ವರ್ಷಗಳ ಹಿಂದೆ ಒಂದು ರಾಮನವಮಿ ಕಛೇರಿಗೆ ಹೋಗಿದ್ದೆ. ಕೊನೆಯಲ್ಲಿ ಸನ್ಮಾನ. ಗಾಯಕರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಹತ್ತು ನಿಮಿಷದ ಹೊಗಳಿಕೆ. ಪಿಟೀಲು, ಮೃದಂಗದವರಿಗೆ ಒಂದೊಂದು ವಾಕ್ಯ. ಘಟದವರ ಸರದಿ ಬಂದಾಗ ಸಂಘಟಕರು ಕೈಯಲ್ಲಿದ್ದ ಚೀಟಿ ತಿರುವಿ ನೋಡಿದರು. ಹೆಸರಿರಲಿಲ್ಲ. 'ಘಟ ವಿದ್ವಾಂಸರಿಗೂ' ಎಂದು ಮುಗಿಸಿದರು. ಎರಡೂವರೆ ಗಂಟೆ ನುಡಿಸಿದ ಆ ಹಿರಿಯರು ಶಾಲನ್ನು ಮಡಚಿ ಘಟದ ಬಾಯಿಗೆ ಹೊದಿಸಿ, ಎತ್ತಿಕೊಂಡು ಹೊರಟರು. ಪಕ್ಕವಾದ್ಯ ಎಂಬ ಹೆಸರಿಟ್ಟು ಪಕ್ಕಕ್ಕೇ ತಳ್ಳುವ ಈ ಚಾಳಿ ಸಂಗೀತಕ್ಕಷ್ಟೇ ಸೀಮಿತವಲ್ಲ. ನಾಟಕದಲ್ಲಿ ಬೆಳಕಿನವರು, ಯಕ್ಷಗಾನದ ವರದಿಯಲ್ಲಿ ಚೆಂಡೆಯವರು, ಪುಸ್ತಕದಲ್ಲಿ ಕರಡು ತಿದ್ದಿದವರು, ಯಾರ ಹೆಸರು ಎಲ್ಲಿ ಅಚ್ಚಾಗುತ್ತದೆ? ಪತ್ರಿಕೆಯವರಾದ ನಾವೂ ಜಾಗವಿಲ್ಲ ಎಂದು ಮೊದಲು ಕತ್ತರಿಸುವುದು ಇಂಥವರ ಹೆಸರನ್ನೇ. ಅದು ತಪ್ಪು.

ಅಮೆಡಿಯಸ್ ಕಣ್ಣು ಬಿಟ್ಟ ದಿನಗಳಲ್ಲೇ ಲಂಡನ್ನಿನಲ್ಲಿ ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿ ಎಂಬ ಸಂಗೀತ ಸಂಸ್ಥೆಯ ಮೊದಲ ಅಧ್ಯಕ್ಷರಾಗಿದ್ದರು. ಲಂಡನ್ನಿನಲ್ಲೇ ನೆಲೆಸಿ, ವಯಸ್ಸಾಗಿ, ಕಾಯಿಲೆ ಬಿದ್ದಿದ್ದ ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರೂ ಅವರೇ. ಕೇಳುವ ಕಿವಿ ನಮ್ಮ ನಾಡಿಗೆ ಹೊಸದಲ್ಲ.

ಬ್ರಾಮ್ಸ್‌ನ ಆ ಮೂರನೇ ಭಾಗವನ್ನು ಒಮ್ಮೆ ಕೇಳಿ, ಮತ್ತೆ ಬರೆಯಿರಿ. ಜೊತೆಗೆ ನಿಮ್ಮೂರಿನ ಮುಂದಿನ ಕಛೇರಿಯ ಆಮಂತ್ರಣ ಪತ್ರಿಕೆಯನ್ನೂ ಕಳಿಸಿ. ಘಟದವರ ಹೆಸರು ಅದರಲ್ಲಿದ್ದರೆ ನಮ್ಮ ಮುಂದಿನ ಸಂಚಿಕೆಯಲ್ಲಿ ಗಾಯಕರ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕುತ್ತೇನೆ.