‘ಮದುವೆ ಯಾವಾಗ?’ ಅಂತ ಇಂಟರ್‌ವ್ಯೂನಲ್ಲಿ ಕೇಳಿದರೆ

ಪ್ರಶ್ನೆ: ಮಡಿಕೇರಿ ಹತ್ತಿರದ ಒಂದು ರೆಸಾರ್ಟ್‌ನಲ್ಲಿ ಫ್ರಂಟ್ ಆಫೀಸ್ ಕೆಲಸಕ್ಕೆ ಇಂಟರ್‌ವ್ಯೂ ಇತ್ತು. ಕೆಲಸದ ಬಗ್ಗೆ ಕೇಳಿದ್ದು ಕಡಿಮೆ. ಯಾವ ಜನ, ಮದುವೆ ಯಾವಾಗ, ಮಕ್ಕಳಾದ ಮೇಲೆ ಕೆಲಸ ಬಿಡ್ತೀರಾ ಅನ್ನೋದೇ ಜಾಸ್ತಿ. ಹೀಗೆಲ್ಲ ಕೇಳಬಹುದಾ? ಮುಂದಿನ ವಾರ ಇನ್ನೊಂದು ಕಡೆ ಕರೆದಿದ್ದಾರೆ, ಅಲ್ಲೂ ಇದೇ ಕೇಳಿದರೆ ಏನು ಹೇಳಲಿ?
– ಓದುಗಿ, ಸೋಮವಾರಪೇಟೆ

ಉತ್ತರ: ನಮ್ಮ ಕೊಡಗಿನಲ್ಲಿ ಯಾರು ಸಿಕ್ಕಿದರೂ ಯಾವ ಊರು, ಯಾವ ಮನೆ ಅಂತ ವಿಚಾರಿಸೋದು ರೂಢಿ. ಮದುವೆ ಮಂಟಪದಲ್ಲಿ ಸರಿ. ಸಂಬಳ ಕೊಡುವವರು ಕೇಳಿದರೆ ಹೆದರಿಕೆ ಆಗುತ್ತೆ, ಅಲ್ವಾ?

ಖಾಸಗಿಯವರು ಮದುವೆ ವಿಷಯ ಎತ್ತಲೇಬಾರದು ಅಂತ ನೇರವಾಗಿ ಹೇಳುವ ಕಾನೂನು ಇಲ್ಲ. ಆದರೆ ಹೆಣ್ಣು ಅನ್ನೋ ಕಾರಣಕ್ಕೆ ಕೆಲಸ ತಪ್ಪಿಸುವಂತಿಲ್ಲ. 1976ರ ಸಮಾನ ವೇತನ ಕಾಯ್ದೆಯಲ್ಲಿದ್ದ ಈ ನಿಯಮ 2019ರ ವೇತನ ಸಂಹಿತೆಯಲ್ಲೂ ಇದೆ. ಎಲ್‌ಐಸಿಯಲ್ಲಿ ಕೆಲಸಕ್ಕೆ ಸೇರುವವರು ತುಂಬುವ ಒಂದು ಫಾರಂನಲ್ಲಿ ಮುಟ್ಟಿನ ದಿನ, ಗರ್ಭಿಣಿಯಾಗಿದ್ದ ವಿವರ ಎಲ್ಲ ಕೇಳಿದ್ದರು. 1991ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆಯಲು ಹೇಳಿತು. ಜಾತಿ ವಿಷಯದಲ್ಲಿ ಮಾತ್ರ, ಸರ್ಕಾರಿ ಕೆಲಸಕ್ಕೆ ಸಂವಿಧಾನದ 16ನೇ ವಿಧಿಯ ರಕ್ಷಣೆ ಇದ್ದಷ್ಟು ಗಟ್ಟಿಯಾಗಿ ಖಾಸಗಿಯಲ್ಲಿ ಇಲ್ಲ.

ಇನ್ನು ಏನು ಹೇಳೋದು. ಅವರ ತಲೆಬಿಸಿ ನಿಮ್ಮ ಮದುವೆ ಅಲ್ಲ, ಕೆಲಸ ಕಲಿಸಿದ ಮೇಲೆ ಬಿಟ್ಟು ಹೋದರೆ, ಡಿಸೆಂಬರ್ ರಶ್‌ನಲ್ಲಿ ರಜೆ ಹಾಕಿದರೆ ಏನು ಗತಿ ಅನ್ನೋದು. ಅದಕ್ಕಷ್ಟೇ ಉತ್ತರ ಕೊಡಿ: ‘ಸದ್ಯಕ್ಕೆ ಇಲ್ಲೇ ಕೆಲಸ ಮಾಡೋ ಯೋಚನೆ ಸರ್, ಶನಿವಾರ ಭಾನುವಾರದ ಡ್ಯೂಟಿಗೂ ಬರ್ತೀನಿ.’ ಜಾತಿ ಕೇಳಿದರೆ ‘ಸೋಮವಾರಪೇಟೆ ಕಡೆಯವಳು ಸರ್’ ಅಂತ ನಕ್ಕು, ಕೆಲಸದ ಬಗ್ಗೆ ಒಂದು ಪ್ರಶ್ನೆ ಹಾಕಿ. ಆದರೆ ಕೆಲಸ ಸಿಗಲಿ ಅಂತ ಐದು ವರ್ಷ ಮದುವೆಯಾಗಲ್ಲ ಅಂತೆಲ್ಲ ಸುಮ್ನೆ ಮಾತು ಕೊಡಬೇಡಿ, ಬರೆದು ಕೊಡಲೂಬೇಡಿ.

ರಾತ್ರಿ ಶಿಫ್ಟ್ ಆಗುತ್ತಾ ಅಂತ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ, ಬೇಜಾರಾಗಬೇಡಿ. ನೀವೂ ಕೇಳಿ: ಅಷ್ಟು ಹೊತ್ತಿನಲ್ಲಿ ಸೋಮವಾರಪೇಟೆಗೆ ಬಸ್ ಎಲ್ಲಿರುತ್ತೆ, ಗಾಡಿ ಬಿಡ್ತೀರಾ, ಉಳಿಯೋಕೆ ರೂಮ್ ಇದೆಯಾ?

ಮಾತು ಮೈಕಟ್ಟು, ಬಾಯ್‌ಫ್ರೆಂಡ್ ಕಡೆ ತಿರುಗಿತಾ, ಫೈಲ್ ಎತ್ತಿಕೊಂಡು ಎದ್ದು ಬನ್ನಿ. ಯಾರು ಏನು ಕೇಳಿದರು ಅಂತ ಅವತ್ತೇ ಬರೆದಿಡಿ. ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ ದೂರು ಕೊಡೋಕೆ ನೀವು ಅಲ್ಲಿ ಕೆಲಸಕ್ಕೆ ಸೇರಿರಲೇಬೇಕು ಅಂತಿಲ್ಲ. ಆ ಸಂಸ್ಥೆಯ ಆಂತರಿಕ ಸಮಿತಿಗೆ, ಹತ್ತು ಜನರೂ ಇಲ್ಲದ ಜಾಗವಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ, ಮೂರು ತಿಂಗಳೊಳಗೆ ಕೊಡಬೇಕು.